ಉಂಗುರದ ದಾರ

"ಯಾವಾಗಿಂದ ಇವರು ಹೀಗೆ ಸೊರಗ್ತಾ ಬಂದಿದಾರೆ?" ಎಂದು ಡಾಕ್ಟರು ಮಗನನ್ನು ಕೇಳಿದರು. ತಾಯಿ, ಮಗ ಇಬ್ಬರೇ ಇರುವ ಮನೆ. ದಿನಾ ಎದುರುಬದುರು ಕೂತು ಊಟ. ಆದರೂ ಅವನಿಗೆ ಗೊತ್ತಿರಲಿಲ್ಲ. ಹೊಟ್ಟೆಯಲ್ಲಿರುವ ಗಡ್ಡೆ ಎಷ್ಟು ಬೇಗ ಬೆಳೆಯುತ್ತಿದೆ ಎಂದು ತಿಳಿದರೆ ಮುಂದಿನದನ್ನು ಹೇಳಬಹುದು, ನಾಳೆ ನೆನಪು ಮಾಡಿಕೊಂಡು ಬನ್ನಿ ಎಂದರು ಡಾಕ್ಟರು.

ಅಕ್ಕ ವರ್ಷಕ್ಕೊಮ್ಮೆ ಬರುವವಳು. ಮೊನ್ನೆ ಬಂದವಳು ತಾಯಿಯನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳೇ ಮಾತು ತೆಗೆದಳು. "ಅಲ್ವೋ, ಸೂರ್ಯನ ಮೇಲೆ ಎಲ್ಲಿ ಕಲೆ ಇದೆ ಅಂತ ಹೇಳ್ತೀಯ. ಪಕ್ಕದಲ್ಲಿ ಕೂತ ಅಮ್ಮ ಕಾಣಲಿಲ್ವಾ?"

"ಬಿಡೇ, ಅವನಿಗೆ ಕೆಲಸ ಜಾಸ್ತಿ," ಎಂದಳು ತಾಯಿ.

ಅವನಿಗೆ ಅಳು ಬರಬೇಕಿತ್ತು, ಸಿಟ್ಟಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಇಬ್ಬರನ್ನೂ ಮನೆಗೆ ಬಿಟ್ಟು ಕೆಲಸಕ್ಕೆ ಹೋದ.

ಕಚೇರಿಯಲ್ಲಿ ಅವನಿಗೆ 'ಹಿಂಡಣ್ಣ' ಎಂದು ಅಡ್ಡಹೆಸರು. ದೂರದ ನೌಕೆಯೊಂದು ಸೂರ್ಯನ ಚಿತ್ರ ತೆಗೆಯುತ್ತಲೇ ಇರುತ್ತದೆ. ಎಲ್ಲವನ್ನೂ ಇದ್ದ ಹಾಗೇ ಭೂಮಿಗೆ ಕಳಿಸಲು ಆಗುವುದಿಲ್ಲ. ಹಿಂಡಿ ಚಿಕ್ಕದು ಮಾಡುವ ಉಪಾಯ ಇವನದು. ತಿಂಗಳಿಗೊಂದು ಪೂರ್ತಿ ಚಿತ್ರ. ಉಳಿದಂತೆ, ಹಿಂದಿನ ಚಿತ್ರಕ್ಕಿಂತ ಬದಲಾದದ್ದು ಮಾತ್ರ. ಬದಲಾವಣೆ ತೀರ ಸಣ್ಣದಾದರೆ ಕ್ಯಾಮೆರಾದ ನಡುಕವೆಂದು ನೌಕೆಯೇ ಅದನ್ನು ಬಿಸಾಡುತ್ತದೆ. ಯಾವುದು ಸಣ್ಣದು ಎಂದು ಗೆರೆ ಎಳೆದವನೂ ಇವನೇ, ಅದಕ್ಕಾಗಿ ಚಪ್ಪಾಳೆ ಗಿಟ್ಟಿಸಿದವನೂ ಇವನೇ.

ಆವತ್ತು ಬಂದ ಪೂರ್ತಿ ಚಿತ್ರವನ್ನು ಪರದೆಯ ಮೇಲೆ ಹಾಕಿಕೊಂಡು ವಿಜ್ಞಾನಿ ಮೇಡಂ ಕಾಯುತ್ತಿದ್ದರು. ಸೂರ್ಯನ ನೆತ್ತಿಯ ಬಳಿ ಅಂಗೈಯಗಲ ಕಪ್ಪು.

"ನಿನ್ನೆವರೆಗೂ ಇಲ್ಲಿ ಬೆಳಕಿತ್ತಲ್ರೀ. ರಾತ್ರೋರಾತ್ರಿ ಇಷ್ಟು ಕಪ್ಪಾಯ್ತಾ?"

"ಇಲ್ಲ ಮೇಡಂ. ಪ್ರತಿ ಸಲ ಒಂಚೂರು, ಒಂಚೂರೇ ಮಂಕಾಗಿದೆ. ಹಿಂದಿನ ಚಿತ್ರದ ಜೊತೆ ಮಾತ್ರ ಹೋಲಿಸ್ತಿದ್ವಿ. ಹಾಗಾಗಿ ಒಂದು ಸಲಾನೂ ಗೆರೆ ದಾಟಲಿಲ್ಲ. ನಂದೇ ತಪ್ಪು."

"ಸರಿ, ಯಾವಾಗಿಂದ ಶುರುವಾಗಿದ್ದು?"

ಒಂದೇ ದಿನ ಎರಡನೇ ಸಲ ಅದೇ ಪ್ರಶ್ನೆ. "ಹೇಳೋಕಾಗಲ್ಲ. ಎಲ್ಲಾ ಅಲ್ಲೇ ಬಿಸಾಕಿದೀವಿ," ಎಂದ. ತನ್ನದೇ ದನಿ ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದಂತೆ ಕೇಳಿಸಿತು.

ಸಂಜೆ ಅಕ್ಕ ಅಡುಗೆಮನೆಯಲ್ಲಿದ್ದಳು. ತಾಯಿ ಕಿಟಕಿಯ ಬಳಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಅವನು ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ನೆತ್ತಿಯಿಂದ ಶುರುಮಾಡಿ ಅವಳನ್ನು ನೋಡತೊಡಗಿದ. ಹಣೆ, ಕೆನ್ನೆ, ಕೊರಳು, ಭುಜದ ಮೂಳೆ. ಯಾರದೋ ಮನೆಯ ಅಜ್ಜಿಯನ್ನು ನೋಡಿದ ಹಾಗಿತ್ತು. ಕೈಗೆ ಬಂದಾಗ ಕಣ್ಣು ನಿಂತಿತು.

ಬೆರಳಿನಿಂದ ಜಾರದಿರಲೆಂದು ತಾಯಿ ಉಂಗುರಕ್ಕೆ ದಾರ ಸುತ್ತಿದ್ದಳು. ಒಂದೇ ಸಲ ಸುತ್ತಿದ್ದಲ್ಲ. ಮೇಲೆ ಹೊಸ ಕೆಂಪು, ಅದರಡಿ ಕಂದು, ಅದರಡಿ ನೀಲಿ, ಎಲ್ಲಕ್ಕೂ ಕೆಳಗೆ ಕೊಳೆ ಹಿಡಿದ ಬಿಳಿ.

ನೀಲಿ ಅವನಿಗೆ ಗೊತ್ತಿತ್ತು. ಹೋದ ಚಳಿಗಾಲದಲ್ಲಿ ಅವನ ಕೋಟಿನ ಗುಂಡಿ ಹೊಲಿದಾದ ಮೇಲೆ ತಾಯಿ, "ಇದರಲ್ಲೊಂದು ತುಂಡು ಕತ್ತರಿಸಿ ಕೊಡೋ," ಎಂದು ಕೈ ಚಾಚಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ. ಫೋನಿನಿಂದ ಕಣ್ಣೆತ್ತದೆ ಕತ್ತರಿಸಿ ಕೊಟ್ಟಿದ್ದ.

ಬಿಳಿ ಅದಕ್ಕೂ ಕೆಳಗಿತ್ತು, ಆ ಚಳಿಗಾಲಕ್ಕೂ ಮೊದಲಿನದು.