ಗೋಡೆ ದಾಟಿದ ಐದು ಪೆಟ್ಟಿಗೆ

ಕೋಳಿ ಸಾಕುವ ಆ ಬೀದಿಯಲ್ಲಿ ಒಂದು ಪ್ರಶ್ನೆಗೆ ಮಾತ್ರ ಯಾರೂ ನೆಟ್ಟಗೆ ಉತ್ತರ ಕೊಡುತ್ತಿರಲಿಲ್ಲ. ‘ಈ ವಾರ ನಿಮ್ಮ ಶೆಡ್ಡಿಗೆ ಎಷ್ಟು ಮರಿ ಬಿಟ್ಟಿರಿ?’ ಎಂದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ‘ಇರಬಹುದು ಒಂದಷ್ಟು’ ಎಂದು ಮಾತು ತೇಲಿಸುತ್ತಿದ್ದರು. ಕೇಳುವವಳು ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಹ್ಯಾಚರಿಯಲ್ಲಿ ಲೆಕ್ಕ ಬರೆಯುವ ಹೆಂಗಸು. ವಾರಕ್ಕೊಮ್ಮೆ ಎಲ್ಲರ ಮನೆಗೂ ಫೋನ್ ಮಾಡುತ್ತಿದ್ದಳು. ‘ಎಷ್ಟು?’ ಎಂದೇ ಮಾತು ಶುರು ಮಾಡುತ್ತಿದ್ದುದರಿಂದ ಅವಳಿಗೆ ಎಷ್ಟಮ್ಮ ಎಂದು ಹೆಸರು ಬಿದ್ದಿತ್ತು.

ಬೀದಿಯ ಕೊನೆಯಲ್ಲಿ ಅಕ್ಕ ತಂಗಿಯರ ಮನೆಗಳು. ನಡುವೆ ಎದೆಯೆತ್ತರದ ಗೋಡೆ. ಅಕ್ಕ ಮತ್ತು ಭಾವ ಹತ್ತು ವರ್ಷದಿಂದ ಮಾಂಸದ ಕೋಳಿ ಸಾಕುತ್ತಿದ್ದವರು. ತಂಗಿ ಬೆಳಿಗ್ಗೆ ಆರರ ಬಸ್ಸು ಹಿಡಿದು ಬಟ್ಟೆ ಕಾರ್ಖಾನೆಗೆ ಹೋಗುವವಳು. ಹೊರಡುವಾಗ ಅವಳ ನಾಲ್ಕು ವರ್ಷದ ಮಗಳು ಇನ್ನೂ ನಿದ್ದೆಯಲ್ಲಿರುತ್ತಿದ್ದಳು. ಬರುವಷ್ಟರಲ್ಲಿ ಮತ್ತೆ ನಿದ್ದೆ. ‘ಮಗಳ ಕಣ್ಣು ಯಾವ ಬಣ್ಣ ಅಂತ ಮರೆತೇ ಹೋಗತ್ತೆ ಕಣೆ’ ಎಂದು ಒಮ್ಮೆ ಅಕ್ಕನ ಹತ್ತಿರ ಅತ್ತಿದ್ದಳು.

ಅದಕ್ಕೇ ವರ್ಷವಿಡೀ ರಜೆಯ ದಿನಗಳಲ್ಲಿ ತಾನೇ ನಿಂತು ಹಿತ್ತಿಲಲ್ಲಿ ಒಂದು ಚಿಕ್ಕ ಶೆಡ್ಡು ಕಟ್ಟಿಸಿದ್ದಳು. ಮೊದಲ ತಂಡದ ಮರಿಗಳು ಮೊದಲೆರಡು ವಾರ ಗಟ್ಟಿಯಾಗಿ ನಿಂತರೆ ಕಾರ್ಖಾನೆ ಬಿಡುವುದು, ಇಲ್ಲವಾದರೆ ಮತ್ತೆ ಆರರ ಬಸ್ಸು. ಎರಡು ವಾರದ ರಜೆ ಹಾಕಿ ಕಾದು ಕೂತಿದ್ದಳು.

ಆ ದಿನ ನಸುಕಿನಲ್ಲಿ ಮರಿಗಳ ವ್ಯಾನು ಬಂತು. ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ಬಾಗಿಲು ತೆರೆದೊಡನೆ ಸಾವಿರಾರು ಮರಿಗಳ ಚಿಂವ್‌ಗುಟ್ಟುವಿಕೆ ಸಣ್ಣ ತೊರೆಯ ಹಾಗೆ ಬೀದಿಗೆ ಹರಿಯಿತು. ಮೂವತ್ತು ಪೆಟ್ಟಿಗೆ, ಎಲ್ಲವೂ ಅಕ್ಕನ ಮನೆಯ ಹೆಸರಿನಲ್ಲಿ. ಪೆಟ್ಟಿಗೆಗೆ ನೂರು ಮರಿ, ದಾರಿಯಲ್ಲಿ ಸತ್ತರೆ ಇರಲಿ ಎಂದು ಮೇಲೆರಡು.

ಅಕ್ಕನ ಶೆಡ್ಡಿನ ಒಂದು ಮೂಲೆಯಲ್ಲಿ ತಗಡು ಕಿತ್ತು ರಿಪೇರಿ ನಡೆದಿತ್ತು. ಇಪ್ಪತ್ತೈದು ಪೆಟ್ಟಿಗೆಗಷ್ಟೇ ಜಾಗ. ಕೊನೆಗೆ ಇಳಿದ ಐದು ಪೆಟ್ಟಿಗೆಗಳನ್ನು, ಮೊದಲೇ ಮಾತಾಡಿಕೊಂಡಂತೆ, ಭಾವ ಒಂದೊಂದಾಗಿ ಗೋಡೆಯ ಮೇಲಿಂದ ದಾಟಿಸಿದ. ಆಚೆ ನಿಂತ ತಂಗಿ ಒಂದೊಂದನ್ನೂ ಎದೆಗವಚಿ ಒಯ್ದಳು.

ಶೆಡ್ಡಿನೊಳಗೆ ಕಾವಿನ ದೀಪಗಳು ಹಳದಿ ಬೆಳಕು ಚೆಲ್ಲಿದ್ದವು. ಮರಿಗಳನ್ನು ಸುರಿದಾಗ ನೆಲದ ಮೇಲೆ ಬೆಳಕೇ ಕಾಲು ಮೂಡಿ ಓಡಾಡಿದಂತೆ ಕಂಡಿತು. ಮಗಳು ತಂಗಿಯ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಮಧ್ಯಾಹ್ನ ಭಾವನಿಗೆ ಎಷ್ಟಮ್ಮನ ಫೋನು.

“ಎಷ್ಟು ಸ್ವಾಮಿ?”

“ಮೂವತ್ತು ಪೆಟ್ಟಿಗೆ. ಎಲ್ಲಾ ನಮ್ಮಲ್ಲೇ.”

ಫೋನ್ ಇಟ್ಟ ಮೇಲೆ ತಂಗಿ ಮೆಲ್ಲಗೆ ಕೇಳಿದಳು. “ಭಾವ, ಐದು ನನ್ನ ಹತ್ರ ಇವೆ ಅಂತ ಹೇಳಬಹುದಿತ್ತಲ್ವಾ?”

“ಅಯ್ಯೋ ಮಾರಾಯ್ತಿ! ಹೇಳಿದ್ರೆ ಶೆಡ್ ನೋಡೋಕೆ ಹ್ಯಾಚರಿಯಿಂದ ನಾಲ್ಕು ಜನ ಬರ್ತಾರೆ, ಉದ್ದ ಎಷ್ಟು ಅಗಲ ಎಷ್ಟು ಅಂತ ಟೇಪ್ ಹಿಡೀತಾರೆ. ಮೊದಲ ಸಲ ಸಾಕ್ತಿದ್ದೀಯ, ನೆಮ್ಮದಿಯಾಗಿ ಸಾಕು. ಮರಿ ಮರೀನೇ. ಗೋಡೆ ಈಚೆ ಇದ್ರೇನು, ಆಚೆ ಇದ್ರೇನು?”

“ಇವರದ್ದು ಯಾವಾಗ್ಲೂ ಹೀಗೇ” ಎಂದಳು ಅಕ್ಕ. “ನಮ್ಮ ಮದುವೆಗೆ ಎಷ್ಟು ಜನ ಬರ್ತಾರೆ ಅಂತ ಅಡುಗೆಯವರು ಕೇಳಿದ್ದಕ್ಕೂ ಬಂದಷ್ಟು ಬರ್ತಾರೆ ಅಂದಿದ್ರು. ಕೊನೇ ಪಂಕ್ತಿಗೆ ಅನ್ನವೇ ಇರಲಿಲ್ಲ.”

“ಆ ಪಂಕ್ತೀಲಿ ಕೂತಿದ್ದು ನಾನೇ ತಾನೇ? ನಿಂಗೇನು ನಷ್ಟ?” ಎಂದ ಭಾವ. ಎಲ್ಲರೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು.

ಮೂರನೆಯ ದಿನ ಬೆಳಿಗ್ಗೆ ಹ್ಯಾಚರಿಯಿಂದ ಮತ್ತೆ ಫೋನ್ ಬಂತು. ಈ ಸಲ ಎಷ್ಟಮ್ಮನ ದನಿಯಲ್ಲಿ ಅವಸರವಿತ್ತು. ಮೊಟ್ಟೆಯಿಂದ ಮರಿ ಹೊರಡಿಸುವ ನಾಲ್ಕನೇ ಯಂತ್ರದಲ್ಲಿ ಕೊನೆಯ ದಿನ ಕಾವು ಇಳಿದಿತ್ತಂತೆ. ಆ ಮರಿಗಳ ಹೊಕ್ಕುಳು ಸರಿಯಾಗಿ ಒಣಗಿಲ್ಲ. “ನಿಮಗೆ ಬಂದಿದ್ರಲ್ಲಿ ಹಸಿರು ಚೀಟಿ ಅಂಟಿಸಿದ ಐದು ಪೆಟ್ಟಿಗೆ ಆ ಯಂತ್ರದ್ದು. ಕಾವು ಜಾಸ್ತಿ ಮಾಡಿ. ಡಾಕ್ಟರು ಬರೆದ ಔಷಧಿ ಕಳಿಸ್ತಿದ್ದೀವಿ, ನೀರಿಗೆ ಹಾಕಿ. ಎಷ್ಟು ಸತ್ತಿವೆ?”

ಭಾವ ಶೆಡ್ಡಿಗೆ ಹೋಗಿ ನೋಡಿದ. ಮರಿಗಳು ಸಂತೆಯಲ್ಲಿದ್ದಂತೆ ಓಡಾಡುತ್ತಿದ್ದವು. ಪೆಟ್ಟಿಗೆಗಳನ್ನು ಆಗಲೇ ಮಡಚಿ ಒಲೆಗೆ ಹಾಕಿಯಾಗಿತ್ತು. ಚೀಟಿ ಹಸಿರೋ ಬಿಳಿಯೋ ನೆನಪಿರಲಿಲ್ಲ, ಗೋಡೆಯಾಚೆಯ ಮರಿಗಳು ಮನಸ್ಸಿಗೇ ಬರಲಿಲ್ಲ.

“ಒಂದೂ ಸತ್ತಿಲ್ಲ ಕಣ್ರಮ್ಮ, ಎಲ್ಲಾ ಗುಂಡುಕಲ್ಲಿನ ಹಾಗಿವೆ” ಎಂದ. ಔಷಧಿಯ ಪೊಟ್ಟಣ ಬಂದಾಗ ಕಿಟಕಿಯಲ್ಲಿಟ್ಟು ಮರೆತ.

ಗೋಡೆಯಾಚೆ ತಂಗಿಯ ಶೆಡ್ಡಿನಲ್ಲಿ ತೊರೆಯ ಸದ್ದು ಸಣ್ಣದಾಗುತ್ತಾ ಬಂದಿತ್ತು. ಮರಿಗಳು ದೀಪದ ಕೆಳಗೆ ಒಂದರ ಮೇಲೊಂದು ಮುದುಡಿ, ಕನಸು ಕಾಣುವವರ ಹಾಗೆ ಕಣ್ಣು ಮುಚ್ಚಿ ನಿಂತಿದ್ದವು. ಅವಳು ಪರದೆ ಇಳಿಸಿದಳು, ದೀಪ ಮರಿಗಳ ಹತ್ತಿರಕ್ಕೆ ತಂದಳು, ನೀರು ಬದಲಿಸಿದಳು. ಆದರೂ ಪ್ರತಿ ಸಲ ಬಂದಾಗ ಒಂದೆರಡು ಮರಿ ತಣ್ಣಗಿರುತ್ತಿದ್ದವು. ಅವನ್ನು ಮಗಳಿಗೆ ಕಾಣದಂತೆ ಮಡಿಲಲ್ಲಿ ಒಯ್ಯುತ್ತಿದ್ದಳು. ನನ್ನ ಕೈಗುಣವೇ ಸರಿಯಿಲ್ಲ ಎಂದುಕೊಂಡು ಅಕ್ಕನಿಗೂ ಹೇಳಲಿಲ್ಲ. ಕಾರ್ಖಾನೆಯ ಗುರುತಿನ ಚೀಟಿಯನ್ನು ಟ್ರಂಕಿನಿಂದ ತೆಗೆದು ಒರೆಸಿಟ್ಟಳು.

ಆ ಮಧ್ಯಾಹ್ನ ಎಷ್ಟಮ್ಮನ ಸ್ಕೂಟರ್ ಅಕ್ಕನ ಮನೆಯ ಮುಂದೆ ನಿಂತಿತು.

“ಏನಮ್ಮಾ, ಇಷ್ಟು ದೂರ?” ಎಂದ ಭಾವ.

“ನಾಲ್ಕನೇ ಯಂತ್ರದ ಮರಿ ಹೋದ ಮನೇಲೆಲ್ಲಾ ಪೆಟ್ಟಿಗೆಗೆ ಐದೋ ಆರೋ ಸತ್ತಿವೆ. ನಿಮ್ಮನೇಲಿ ಮಾತ್ರ ಒಂದೂ ಇಲ್ಲ ಅಂದ್ರಿ. ಇಂಥ ಪುಣ್ಯವಂತರ ಮುಖ ನೋಡ್ಕೊಂಡು ಹೋಗೋಣ ಅಂತ ಬಂದೆ.”

ಶೆಡ್ಡಿನ ಬಾಗಿಲಲ್ಲಿ ನಿಂತು ಅವಳು ಮರಿಗಳನ್ನು ನೋಡಲಿಲ್ಲ, ಮೇವಿನ ತಟ್ಟೆಗಳನ್ನು ನೋಡಿದಳು. ನೂರು ಮರಿಗೆ ಒಂದು ತಟ್ಟೆ. ತುಟಿಯಲ್ಲೇ ಎಣಿಸಿದಳು.

“ಇಪ್ಪತ್ತೈದು ತಟ್ಟೆ. ಇನ್ನೈದು ಪೆಟ್ಟಿಗೆ ಮರಿ ಉಪವಾಸ ಇವೆಯಾ, ಅಥವಾ ರೆಕ್ಕೆ ಬಲಿತು ಹಾರಿಹೋದ್ವಾ?”

ಭಾವ ತಲೆ ಕೆರೆದುಕೊಂಡ. “ಅದು... ನಾದಿನಿ ಶೆಡ್ಡಲ್ಲಿ...” ಎನ್ನುವಷ್ಟರಲ್ಲಿ ಅವನಿಗೇ ಹೊಳೆಯಿತು. ಕೊನೆಗೆ ಇಳಿದ ಆ ಐದು ಪೆಟ್ಟಿಗೆಗಳ ಮೇಲೆ ಹಸಿರು ಇತ್ತು. ಕಿಟಕಿಯತ್ತ ಓಡಿದ. ಪೊಟ್ಟಣ ಹಿಡಿದು ಗೋಡೆ ಹಾರಿಯೇ ಹೋದ.

ಎಷ್ಟಮ್ಮ ಬೀದಿ ಸುತ್ತಿ ಬಂದ ಮೇಲೆ, ಮೂವರೂ ಸೇರಿ ತಂಗಿಯ ಶೆಡ್ಡಿನಲ್ಲಿ ಕಾವು ಹೆಚ್ಚಲೆಂದು ದೀಪಗಳನ್ನು ಇನ್ನಷ್ಟು ಕೆಳಕ್ಕೆ ಇಳಿಸಿದರು. ಒದ್ದೆಯಾದ ಹೊಟ್ಟು ತೆಗೆದು ಒಣಗಿದ್ದನ್ನು ಹಾಸಿದರು. ಡಾಕ್ಟರು ಬರೆದ ಪ್ರಮಾಣದಲ್ಲೇ ಔಷಧಿ ಕಲಸಿದ ನೀರಿಗೆ ಎಷ್ಟಮ್ಮ ಒಂದೊಂದೇ ಮರಿಯ ಕೊಕ್ಕು ತಾಗಿಸಿದಳು.

“ನನ್ನಿಂದಲೇ ಆಯ್ತು. ನಂಗೆ ಸಾಕೋಕೆ ಬರಲ್ಲ” ಎಂದಳು ತಂಗಿ.

“ನಿನ್ನಿಂದ ಅಲ್ಲ ತಾಯಿ. ಇಲ್ಲಿ ಮರಿ ಇವೆ ಅಂತ ನಮಗೆ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿದ್ರೆ ಬೆಳಿಗ್ಗೆಯೇ ನಿನ್ನ ಫೋನೂ ಬಡ್ಕೋತಿತ್ತು” ಎಂದಳು ಎಷ್ಟಮ್ಮ.

ಭಾವ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. “ನಾನೇನೋ ನೀವು ಸುಮ್ನೆ ಪುಸ್ತಕ ತುಂಬಿಸೋಕೆ ಕೇಳ್ತೀರಿ ಅಂದ್ಕೊಂಡಿದ್ದೆ” ಎಂದ.

ಎಷ್ಟಮ್ಮ ಕೈಯಲ್ಲಿದ್ದ ಮರಿಯನ್ನು ಕೆಳಗೆ ಬಿಟ್ಟಳು. “ಮೊಟ್ಟೆ ಯಂತ್ರಕ್ಕಿಟ್ಟ ದಿನ ಎಷ್ಟು ಅಂತ ಬರೀತೀವಿ. ಇಪ್ಪತ್ತೊಂದು ದಿನ ಕಳೆದು ಎಷ್ಟು ಮರಿ ಎದ್ದವು ಅಂತ ಬರೀತೀವಿ. ಯಾವ ಮರಿ ಯಾವ ಶೆಡ್ಡಿಗೆ ಹೋಯ್ತು ಅಂತ ಬರೀತೀವಿ. ಆರು ವಾರ ಆದ್ಮೇಲೆ ಎಷ್ಟು ಕೋಳಿ ಮಾರುಕಟ್ಟೆಗೆ ಬರತ್ತೆ, ಅದಕ್ಕೆ ಮೇವು ಎಷ್ಟು, ಲಸಿಕೆ ಎಷ್ಟು, ಲಾರಿ ಎಷ್ಟು, ಎಲ್ಲಾ ಅದರಿಂದಲೇ ಗೊತ್ತಾಗೋದು. ಹೋದ ಸಲ ಎಲ್ಲರೂ ಕಡಿಮೆ ಹೇಳಿ, ಬೇರೆ ಕಡೆಯಿಂದ್ಲೂ ತಂದು ಜಾಸ್ತಿ ಮರಿ ಬಿಟ್ರಿ. ಲಸಿಕೆ ಸಾಲಲಿಲ್ಲ. ನೆನಪಿದೆಯಾ?”

“ಲಸಿಕೆ ಗಾಡಿಯವನನ್ನ ಬೈದಿದ್ದೆ” ಎಂದ ಭಾವ ಸಣ್ಣ ದನಿಯಲ್ಲಿ.

“ಗೊತ್ತು. ಅವನು ಬಂದು ನನ್ನನ್ನ ಬೈದ.”

ಅಕ್ಕ ಗೋಡೆಯ ಮೇಲಿಂದ ಚಹಾ ದಾಟಿಸಿದಳು. ಸಂಜೆಯ ಬಿಸಿಲು ಜಾಲರಿಯಿಂದ ಇಳಿದು ಮರಿಗಳ ಬೆನ್ನ ಮೇಲೆ ನಿಂತಿತು. ಗಾಳಿಯಲ್ಲಿ ಪುಕ್ಕದ ನವಿರು ಎಳೆಗಳು ತೇಲುತ್ತಿದ್ದವು. ಒಂದು ಮರಿ ಗುಂಪಿನಿಂದ ಹೊರಬಂದು ತಟ್ಟೆಗೆ ಕೊಕ್ಕು ಹಾಕಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕತ್ತಲಾಗುವ ಮೊದಲು ಸದ್ದು ಮತ್ತೆ ಹರಿಯತೊಡಗಿತು. ತಂಗಿ ಅಲ್ಲೇ ಕಂಬಕ್ಕೊರಗಿ, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳುತ್ತಾ ಕೂತಳು.

ಮುಂದಿನ ವಾರ ಫೋನ್ ಬಂದದ್ದು ಭಾವನಿಗಲ್ಲ, ತಂಗಿಗೆ. ಎಷ್ಟಮ್ಮ ಅವಳ ಶೆಡ್ಡಿಗೆ ಪುಸ್ತಕದಲ್ಲಿ ಬೇರೆಯೇ ಪುಟ ತೆರೆದಿದ್ದಳು. ಟೇಪು ಹಿಡಿದು ಬಂದದ್ದು ಒಬ್ಬನೇ, ಕಾಲು ಗಂಟೆಯಲ್ಲಿ ಅಳೆದು ಹೋಗಿದ್ದ.

“ಎಷ್ಟು ತಾಯಿ?”

“ಬಂದಿದ್ದು ಐನೂರ ಹತ್ತು. ನೀವು ಬರೋ ಮೊದಲು ಮೂವತ್ತೆಂಟು ಹೋದ್ವು. ಆಮೇಲೆ ಮೂರು. ಈಗ ನಾನೂರ ಅರವತ್ತೊಂಬತ್ತು.”

ಸತ್ತವನ್ನು ಹೇಳುವಾಗ ಅವಳ ದನಿ ಒಂದಿಷ್ಟು ತಗ್ಗಿತು. ಆದರೆ ಅದನ್ನೂ ಬಿಡದೆ ಹೇಳಿದಳು.

“ಬರ್ಕೊಂಡೆ. ಇವು ಮಾರಾಟಕ್ಕೆ ಹೋದ ಮೇಲೆ ಶೆಡ್ ತೊಳೆದು ಒಣಗಿಸಿ ಹೇಳು. ಮುಂದಿನ ತಂಡ ನಿನ್ನ ಹೆಸರಿಗೇ ಬರತ್ತೆ.”

ಫೋನ್ ಇಟ್ಟಾಗ ಬೆಳಗಿನ ಆರು ದಾಟಿತ್ತು, ಅವಳು ಇನ್ನು ಹಿಡಿಯಬೇಕಿಲ್ಲದ ಬಸ್ಸು ಹೊರಟುಹೋಗಿತ್ತು. ಒಳಗೆ ಮಗಳು ಆಗಷ್ಟೇ ಎದ್ದು ಕಣ್ಣುಜ್ಜುತ್ತಿದ್ದಳು. ತಂಗಿ ಪಕ್ಕದಲ್ಲಿ ಕೂತು ಆ ಕಣ್ಣುಗಳನ್ನು ಸಾವಕಾಶವಾಗಿ ನೋಡಿದಳು.

ಕೋಳಿ ಸಾಕುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹ್ಯಾಚರಿಯಿಂದ ಫೋನ್ ಬಂದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿ. ಎಷ್ಟು ಬಂದವು, ಯಾವ ಶೆಡ್ಡಿಗೆ ಬಿಟ್ಟಿರಿ, ಪಕ್ಕದವರಿಗೆ ಎಷ್ಟು ಕೊಟ್ಟಿರಿ, ಎಷ್ಟು ಸತ್ತವು, ನಾಚಿಕೆಯಿಲ್ಲದೆ ಹೇಳಿ. ಪೆಟ್ಟಿಗೆ ಸುಟ್ಟರೂ ಅದರ ಚೀಟಿಯನ್ನು ಕೋಳಿ ಮಾರುವವರೆಗೂ ಜೋಪಾನವಾಗಿಡಿ. ನಿಮ್ಮ ಮರಿ ಎಲ್ಲಿದೆ ಎಂದು ಗೊತ್ತಿದ್ದರೆ ತಾನೇ, ಅದಕ್ಕೆ ಕಷ್ಟ ಬಂದಾಗ ಯಾರಾದರೂ ಓಡಿ ಬರುವುದು?