ಉಂಡ ಮೇಲೆ ಓಡದ ಭಾವ

ನಮ್ಮ ಭಾವನವರು ಉಂಡ ಮೇಲೆ ನಡೆಯುವುದನ್ನು ನೋಡಿದರೆ, ತುಂಬಿದ ಪಾತ್ರೆಯೊಂದನ್ನು ಎದೆಯೊಳಗಿಟ್ಟು, ಹನಿಯೂ ತುಳುಕದಂತೆ ಸಾಗಿಸುತ್ತಿದ್ದಾರೇನೋ ಎನಿಸುತ್ತಿತ್ತು. ಮಳೆ ಹಿಡಿದರೂ ಹೆಜ್ಜೆ ಚುರುಕಾಗದು. ಬಸ್ಸು ಕಣ್ಣೆದುರೇ ಹೊರಟರೂ ಕಾಲು ಕದಲದು. ಬೀದಿಯವರು ‘ಮಂದಗತಿ’ ಎಂದು ಹೆಸರಿಟ್ಟಿದ್ದರು. ಅದೇ ಮನುಷ್ಯ ನಸುಕಿನಲ್ಲಿ, ಖಾಲಿ ಹೊಟ್ಟೆಯಲ್ಲಿ, ಮೈದಾ ಮೂಟೆಗಳನ್ನು ಹೊತ್ತು ಹೆಚ್ಚುಕಡಿಮೆ ಓಡುತ್ತಲೇ ತಮ್ಮ ಬೇಕರಿಯೊಳಕ್ಕೆ ನುಗ್ಗುವುದನ್ನು ಅವರಾರೂ ಕಂಡಿರಲಿಲ್ಲ.

ಈ ನಡಿಗೆ ಶುರುವಾಗುವ ಮುಂಚೆ ಒಂದು ದಿನ ಭಟ್ಟಿಯಿಂದ ಆಗತಾನೆ ತೆಗೆದ ಬ್ರೆಡ್ಡನ್ನು ರುಚಿ ನೋಡಿ ಹಿಟ್ಟು ನಾದಲು ನಿಂತವರಿಗೆ ಮೊದಲು ಅಂಗೈ ತುರಿಸಿತು. ಆಮೇಲೆ ಮೈಯೆಲ್ಲ ದದ್ದೆದ್ದು, ತುಟಿ ಊದಿ, ಗಂಟಲನ್ನು ಯಾರೋ ಒಳಗಿನಿಂದ ಹಿಸುಕಿದಂತಾಗಿ, ನಾದುವ ಮೇಜಿನ ಮೇಲೆಯೇ ಕುಸಿದರು. ಗೋಧಿ ತಿಂದು ಸುಮ್ಮನೆ ಕುಳಿತರೆ ಏನೂ ಆಗದು, ತಿನ್ನದೆ ಎಷ್ಟು ದುಡಿದರೂ ಏನೂ ಆಗದು, ತಿಂದು ದುಡಿದರೆ ಮಾತ್ರ ಪ್ರಾಣಕ್ಕೆ ಸಂಚಕಾರ ಎಂಬುದನ್ನು ವೈದ್ಯರು ಪತ್ತೆಹಚ್ಚುವಷ್ಟರಲ್ಲಿ ಅವರು ಮತ್ತೆರಡು ಸಲ ಸಾವಿನ ಬಾಗಿಲು ತಟ್ಟಿ ಬಂದಿದ್ದರು.

“ಗೋಧಿನೇ ಬಿಟ್ಬಿಡಿ ಅಂದ್ರೆ ಕೇಳಲ್ಲ ಕಣೋ,” ಎಂದು ಅಕ್ಕ ನನ್ನೆದುರು ಕಣ್ಣೊರೆಸಿಕೊಳ್ಳುತ್ತಿದ್ದಳು.

“ನಾನು ಬಾಯಿಗಿಡದ್ದನ್ನ ಬೇರೆಯವ್ರಿಗೆ ಹೇಗೆ ಮಾರ್ಲಿ?” ಎಂಬುದು ಭಾವನ ಹಟ. ಅಂಗಡಿ ಮುಚ್ಚಿದ ಬಳಿಕ ಒಂದೇ ತುಂಡು ಬ್ರೆಡ್ಡು; ಆಮೇಲೆ ಹೊರಗೆ ಹೋಗಲೇಬೇಕಾದರೆ ಆ ಮಂದಗತಿ, ಇಲ್ಲವೆಂದರೆ ಮಲಗುವವರೆಗೂ ಕಿಟಕಿಯ ಬಳಿಯ ಕುರ್ಚಿ. ಜೇಬಿನಲ್ಲಿ ಚುಚ್ಚುಮದ್ದು, ಬೆರಳು ನಾಡಿಯ ಮೇಲೆ. ಮಾತಿನ ನಡುವೆ ತಟ್ಟನೆ ಮೌನವಾಗಿ, ಕಳ್ಳನ ಸದ್ದಿಗೆ ಕಾದವರಂತೆ ತಮ್ಮ ಮೈಗೇ ಕಿವಿಗೊಡುವರು.

ಹೀಗೇ ಒಂದು ಸಂಜೆ ನಾವು ಮೂವರೂ ಉಂಡು, ಭಾವ ತಮ್ಮ ಬ್ರೆಡ್ಡಿನ ತುಂಡನ್ನೂ ತಿಂದು ಮುಗಿಸಿ, ಮಹಡಿಯಲ್ಲಿ ಕುಳಿತಿದ್ದಾಗ ಕೆಳಗಿನ ಬೇಕರಿಯಿಂದ ಹೊಗೆ ಎದ್ದಿತು. ನಾನು ಭಾವನ ತೋಳು ಹಿಡಿದೆಳೆದೆ.

“ಎಳೀಬೇಡ. ಓಡಿದ್ರೆ ನಾನು ಕೆಳಗೆ ಮುಟ್ಟಲ್ಲ,” ಎಂದರು. “ನೀನು ಅಕ್ಕನ್ನ ಕರ್ಕೊಂಡು ಮುಂದೆ ಹೋಗು.”

ಅಕ್ಕ ನನ್ನೊಡನೆ ಬರಲಿಲ್ಲ. ನಾನೊಬ್ಬನೇ ಧಡಧಡ ಇಳಿದು ಬೀದಿಬಾಗಿಲು ತೆರೆದು, ತಿರುಗಿ ನೋಡಿದರೆ ಮೆಟ್ಟಿಲೇ ಕಾಣದು. ಬರಿಯ ಕಪ್ಪು ಹೊಗೆ. ಅದರೊಳಗೆ ಕೆಮ್ಮು, ಮತ್ತು ಜೀವ ಹಿಂಡುವಷ್ಟು ಸಾವಧಾನವಾಗಿ ಇಳಿಯುವ ಹೆಜ್ಜೆಗಳ ಸದ್ದು. ಒಮ್ಮೆ ಅದೂ ನಿಂತಿತು. ಕೊನೆಗೆ ಇಬ್ಬರೂ ಕೈ ಹಿಡಿದು, ಸಂಜೆಯ ತಿರುಗಾಟಕ್ಕೆ ಹೊರಟವರಂತೆ ಹೊಗೆಯಿಂದ ಹೊರಬಂದರು.

“ತುಟಿ ಊದಿದ್ಯಾ ನೋಡೇ,” ಎಂದರು ಭಾವ.

“ಇಲ್ಲ ರೀ,” ಎಂದಳು ಅಕ್ಕ, ಅವರ ಮುಖದ ಮಸಿಯನ್ನು ಸೆರಗಿನಿಂದ ಒರೆಸುತ್ತ.

ನೆರೆಯವರು ಬೆಂಕಿ ಆರಿಸಿದರು. ಸುಟ್ಟದ್ದು ಒಂದು ಗೋಡೆ, ಕೆಲವು ಮೂಟೆ. ಬೇಕರಿ ಮತ್ತೆ ತೆರೆಯಿತು. ಭಾವ ಮಾತ್ರ ಮತ್ತೆಂದೂ ಬ್ರೆಡ್ಡು ಬಾಯಿಗಿಡಲಿಲ್ಲ. ಕಾರಣ ಕೇಳಿದ್ದಕ್ಕೆ, “ಅವಳು ಮುಂದೆ ಹೋಗ್ಲಿಲ್ಲ ಕಣೋ,” ಎಂದಷ್ಟೇ ಹೇಳಿದರು.

ಸ್ವಂತ ದೇಹದೊಡನೆಯೇ ಹಗೆ ಕಟ್ಟಿಕೊಂಡು ಬಾಳುವವರು, ಆ ಭಯ ತಮ್ಮೊಬ್ಬರದೇ ಸ್ವತ್ತೆಂದು ನಂಬಿರುತ್ತಾರೆ. ಅದರಲ್ಲಿ ಅರ್ಧವನ್ನು ಪಕ್ಕದವರು ಎಂದೋ ಸದ್ದಿಲ್ಲದೆ ಹಂಚಿಕೊಂಡಿರುವುದು ಅವರ ಅರಿವಿಗೆ ಬರುವುದು ಬಹಳ ತಡವಾಗಿ.