ಅರ್ಧ ಗಂಟೆಯ ಕ್ಲಿಪ್

ಊರಿನ ಅರ್ಧ ಮನೆಗಳ ನಲ್ಲಿ ರಿಪೇರಿ ಮಾಡಿದ ಪ್ಲಂಬರ್ ಅವನು. ನೀರು ಕಟ್ಟಿಕೊಂಡಿದ್ದು ಕಂಡರೆ ಅವನ ಕೈ ತಲೆಯ ಅಪ್ಪಣೆಗೆ ಕಾಯುತ್ತಿರಲಿಲ್ಲ. ಆ ಹಾಳು ಕೈಯನ್ನು ಈಗ ಯಾರು ಬೈದರೂ ಏನು ಬಂತು?

ಹೆಂಡತಿಯ ಮೂತ್ರಕೋಶದಲ್ಲಿ ಗಡ್ಡೆ. ನಾಲ್ಕು ತಿಂಗಳಿಂದ ಟ್ಯೂಬು, ಮಂಚಕ್ಕೆ ತೂಗುಹಾಕಿದ ಚೀಲ. ಹೊಟ್ಟೆಯ ಕೆಳಗೆ ಬಟ್ಟೆ ಹಿಂಡಿದಂತೆ ನೋವು ಬರುತ್ತಿತ್ತು. ಮಾತ್ರೆ ನುಂಗಿದರೆ ಮಂಪರು ಬರುತ್ತಿತ್ತೇ ಹೊರತು ನೋವು ಜಗ್ಗುತ್ತಿರಲಿಲ್ಲ. ಕೊನೆಗೆ ಡಾಕ್ಟರು, ಮಾರ್ಫಿನ್ನನ್ನು ಟ್ಯೂಬಿನಿಂದ ನೇರವಾಗಿ ಮೂತ್ರಕೋಶಕ್ಕೇ ಬಿಟ್ಟು ನೋಡೋಣ ಎಂದರು.

ಬೆಳಿಗ್ಗೆ ಹತ್ತಕ್ಕೆ ನರ್ಸು ಬಂದು, ಔಷಧಿ ಬಿಟ್ಟು, ಟ್ಯೂಬಿಗೆ ಕ್ಲಿಪ್ ಹಾಕಿದಳು.

"ಯಜಮಾನ್ರೇ, ಅರ್ಧ ಗಂಟೆ ಇದು ಮುಚ್ಚೇ ಇರ್ಲಿ. ಔಷಧಿ ಒಳಗೆ ನಿಂತ್ರೇನೇ ಕೆಲಸ ಮಾಡೋದು. ಆಮೇಲೆ ತೆಗೀರಿ."

"ನನಗೆ ಹೇಳ್ಕೊಡ್ತೀರಾ ಸಿಸ್ಟರ್? ಮೂವತ್ತು ವರ್ಷದಿಂದ ಇದೇ ಕೆಲಸ."

ಹೆಂಡತಿ ಮಲಗಿದ್ದಲ್ಲಿಂದಲೇ ನಕ್ಕಳು. "ಊರವರ ಮನೆಗೆ ಮಾತ್ರ ಸಿಸ್ಟರ್. ನಮ್ಮ ಅಡುಗೆಮನೆ ನಲ್ಲಿ ಎರಡು ವರ್ಷ ತೊಟ್ಟಿಕ್ತು. ಮೊನ್ನೆ ಅಂತೂ ಸರಿ ಮಾಡಿದ್ರು, ಈಗ ಒಂದು ಹನಿನೂ ಬೀಳಲ್ಲ."

ನರ್ಸು ಹೋದಳು. ಅವನು ಗಡಿಯಾರ ನೋಡುತ್ತ ಕೂತ. ಹನ್ನೆರಡನೇ ನಿಮಿಷಕ್ಕೆ ನೋವು ಬಂತು. ಅವಳು ಮೊಣಕಾಲು ಮಡಚಿ, "ಒಳಗೆ ಒಡೆದು ಹೋಗುತ್ತೆ ರೀ!" ಎಂದು ಕೂಗಿದಳು. ಅಷ್ಟೇ ಸಾಕಾಯಿತು. ಅವನ ಬೆರಳು ಕ್ಲಿಪ್ ಬಿಚ್ಚಿಯೇ ಬಿಟ್ಟಿತು. ಮೂತ್ರದ ಜೊತೆ ಔಷಧಿಯೂ ಚೀಲಕ್ಕೆ ಸರ್ರನೆ ಇಳಿಯಿತು. ಮತ್ತೆ ಕ್ಲಿಪ್ ಒತ್ತಿದ. ಒತ್ತಿ ಏನು ಪ್ರಯೋಜನ?

ಫೋನಿನಲ್ಲಿ ನರ್ಸು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕ್ಲಿಪ್ ತೆಗೆದುಬಿಡಿ ಈಗ. ಒಳಗೆ ಎಷ್ಟು ನಿಂತಿತ್ತೋ ಗೊತ್ತಿಲ್ಲ, ತಕ್ಷಣ ಮತ್ತೆ ಕೊಡೋ ಹಾಗಿಲ್ಲ. ಸಂಜೆ ಆರಕ್ಕೆ ಬರ್ತೀನಿ."

ಗಡಿಯಾರದಲ್ಲಿ ಇನ್ನೂ ಹತ್ತೂವರೆ ಆಗಿರಲಿಲ್ಲ. ಅವನು ಮಂಚದ ಪಕ್ಕ ಕೈಚೆಲ್ಲಿ ಕೂತ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ತಪ್ಪಾಯ್ತು ಕಣೇ."

"ಬಿಡಿ, ಈಗ ಎಷ್ಟೋ ವಾಸಿ," ಎಂದಳು ಅವಳು. ಹೊದಿಕೆಯ ಕೆಳಗೆ ಕಾಲ್ಬೆರಳು ಮುದುಡಿಕೊಂಡಿದ್ದವು. ಇನ್ನೊಂದು ಅಲೆ ಬರುತ್ತಿರುವುದು ಅವಳ ಮುಖದಲ್ಲೇ ಕಂಡಿತು. ಅವಳು ಹಲ್ಲು ಕಚ್ಚಿಕೊಂಡು, "ರೀ, ಅಡುಗೆಮನೆ ನಲ್ಲಿ ಮತ್ತೆ ತೊಟ್ಟಿಕ್ತಿದೆ. ಹೋಗಿ ನೋಡಿ. ನಿಧಾನಕ್ಕೆ ಬನ್ನಿ," ಎಂದಳು.

ಅವನು ಸ್ಪ್ಯಾನರ್ ಹಿಡಿದು ಹೋದ. ನಲ್ಲಿಯ ಬಾಯಿ ಒಣಗಿತ್ತು. ಹಿಂದಿನ ಕೋಣೆಯಿಂದ ಬಾಯಿಗೆ ಬಟ್ಟೆ ತುರುಕಿಕೊಂಡವರ ನರಳಾಟ ಕೇಳಿತು, ನಿಂತಿತು, ಮತ್ತೆ ಕೇಳಿತು.

ಅವನು ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರನ್ನು ಜೋರಾಗಿ ಬಿಟ್ಟ. ಗಂಡನಿಗೆ ಕೇಳಿಸುತ್ತಿಲ್ಲ ಎಂದುಕೊಂಡಾದರೂ ಅವಳು ಬಾಯಿಬಿಟ್ಟು ಅಳಲಿ ಎಂದು.